13 ವರ್ಷ ವಾರ್ಡಿನಲ್ಲಿ ದುಡಿದ ಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಬಹುದೇ?

ಪ್ರಶ್ನೆ: ಕೋಲಾರದ ಶುಶ್ರೂಷಕಿ

ಎಲ್ಲರಿಗೂ ನಮಸ್ಕಾರ. ನಾನು ಕೋಲಾರ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದೇನೆ. ತವರು ಶ್ರೀನಿವಾಸಪುರದ ಕಡೆ. ಸರ್ಕಾರಿ ಕಾಲೇಜಿನಲ್ಲಿ ಕಲಾ ವಿಭಾಗ ತೆಗೆದುಕೊಂಡು ಕನ್ನಡ ಮಾಧ್ಯಮದಲ್ಲಿ ಪಿಯುಸಿ ಓದಿದೆ. ಆಮೇಲೆ ಆಗಿನ ಕ್ರಮದಂತೆ ಮೂರೂವರೆ ವರ್ಷದ ಜಿ.ಎನ್.ಎಂ. (ಶುಶ್ರೂಷೆ ಮತ್ತು ಸೂಲಗಿತ್ತಿ ತರಬೇತಿಯ ಡಿಪ್ಲೊಮಾ) ಮುಗಿಸಿ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡು 13 ವರ್ಷಗಳಾದವು. ಈಗ ನನಗೆ 35 ವರ್ಷ. ಪತಿ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಗ ಆರನೇ ತರಗತಿ, ಮಗಳು ಎರಡನೇ ತರಗತಿ. ಅತ್ತೆ ನಮ್ಮೊಂದಿಗೇ ಇದ್ದಾರೆ.

ಜಿ.ಎನ್.ಎಂ. ಮುಗಿಸಿದವರು ಓದುವ ಎರಡು ವರ್ಷದ ಪದವಿಯಾದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬೇಕೆಂಬ ಆಸೆ ಹಳೆಯದು. ಆದರೆ ಅದನ್ನು ಮತ್ತೆ ಎಬ್ಬಿಸಿದ್ದು ಕಳೆದ ತಿಂಗಳ ಒಂದು ರಾತ್ರಿ ಪಾಳಿ. ನಮ್ಮ ವಾರ್ಡಿಗೆ ಕ್ಲಿನಿಕಲ್ ಪೋಸ್ಟಿಂಗ್ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು, "ಸಿಸ್ಟರ್, ಪೊಟ್ಯಾಸಿಯಂ ಕ್ಲೋರೈಡನ್ನು ನೇರವಾಗಿ ಇಂಜೆಕ್ಷನ್ ಆಗಿ ಏಕೆ ಕೊಡಬಾರದು?" ಎಂದು ಕೇಳಿದಳು. "ಹೃದಯ ನಿಂತುಹೋಗುತ್ತದೆ, ಯಾವಾಗಲೂ ಡ್ರಿಪ್‌ನಲ್ಲಿ ಬೆರೆಸಿ ನಿಧಾನವಾಗಿಯೇ ಕೊಡಬೇಕು" ಎಂದೆ. "ಏಕೆ ನಿಲ್ಲುತ್ತದೆ?" ಎಂದು ಅವಳು ಮತ್ತೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. 13 ವರ್ಷಗಳಿಂದ ಒಂದು ಬಾರಿಯೂ ತಪ್ಪದೆ ಪಾಲಿಸಿಕೊಂಡು ಬಂದಿರುವ ನಿಯಮವೊಂದರ ಕಾರಣ ನನಗೆ ಗೊತ್ತಿಲ್ಲವೆಂಬುದು ಆ ರಾತ್ರಿಯಿಡೀ ನನ್ನನ್ನು ಕೊರೆಯಿತು.

ಈಗ ನನ್ನ ಪ್ರಶ್ನೆಗಳನ್ನು ಕೇಳುತ್ತೇನೆ. ಈ ವಯಸ್ಸಿನಲ್ಲಿ, ಅದರಲ್ಲೂ ಪಿಯುಸಿಯಲ್ಲಿ ವಿಜ್ಞಾನ ಓದದ ನನಗೆ ಈ ಪದವಿಗೆ ಅರ್ಹತೆ ಇದೆಯೇ, ಇದ್ದರೂ ಪಾಠಗಳು ತಲೆಗೆ ಹತ್ತುತ್ತವೆಯೇ? ನಮ್ಮ ಆಸ್ಪತ್ರೆಯಲ್ಲಿ ಎರಡು ವರ್ಷ ರಜೆ ಕೊಡುವುದಿಲ್ಲ, ಆದ್ದರಿಂದ ಓದಬೇಕೆಂದರೆ ಕೆಲಸ ಬಿಡಬೇಕು. ನನ್ನ ಸಂಬಳವಿಲ್ಲದೆ ಮನೆ ನಡೆಸುವುದು ಕಷ್ಟ, ಅಸಾಧ್ಯವಲ್ಲ. ಇದರ ನಡುವೆ ಪರಿಚಿತರೊಬ್ಬರ ಮೂಲಕ ಬಂದ ಏಜೆಂಟ್ ಒಬ್ಬರು, "ತರಗತಿಗೆ ಬರುವ ಅಗತ್ಯವೇ ಇಲ್ಲ, ಕೆಲಸ ಮಾಡುತ್ತಲೇ ಇರಿ, ಪರೀಕ್ಷೆಗೆ ಮಾತ್ರ ಬನ್ನಿ, ಉಳಿದದ್ದನ್ನೆಲ್ಲ ನಾವು ನೋಡಿಕೊಳ್ಳುತ್ತೇವೆ" ಎನ್ನುತ್ತಿದ್ದಾರೆ. ಮನೆಯವರಿಗೆ ಈ ದಾರಿಯೇ ಸರಿ ಎನಿಸಿದೆ. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಓದಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ಮುಳಬಾಗಿಲಿನ ಕಡೆಯವಳು

ತಂಗಿ, ನಾನು ಪೋಸ್ಟ್ ಬೇಸಿಕ್ ಸೇರಿದಾಗ ನನಗೆ 37 ತುಂಬಿತ್ತು, 14 ವರ್ಷದ ಡ್ಯೂಟಿ ಆಗಿತ್ತು. ಮುಗಿಸಿ ಮೂರು ವರ್ಷಗಳಾದವು. ಒಡವೆ ಅಡವಿಟ್ಟು ಶುಲ್ಕ ಕಟ್ಟಿದೆ, ದಿನವೂ ಬೆಳಿಗ್ಗೆ ಮುಳಬಾಗಿಲಿನಿಂದ ಕೋಲಾರಕ್ಕೆ ಬಸ್ಸಿನಲ್ಲಿ ಹೋಗಿಬಂದೆ. ಆದ್ದರಿಂದ ನಿಮ್ಮ ಅಳುಕು ನನಗೆ ಹೊಸದಲ್ಲ.

ಮೊದಲು ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನೀವು ಓದಬೇಕೋ ಬೇಡವೋ ಎಂಬುದಕ್ಕೆ ಉತ್ತರ ಅದರಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ನಮ್ಮ ದೇಹದ ಪೊಟ್ಯಾಸಿಯಂನಲ್ಲಿ ಸುಮಾರು ಶೇಕಡ 98ರಷ್ಟು ಜೀವಕೋಶಗಳ ಒಳಗೇ ಇರುತ್ತದೆ. ಹೊರಗೆ, ರಕ್ತದಲ್ಲಿ, ಇರುವುದು ಬಹಳ ಸ್ವಲ್ಪ. ಲೀಟರಿಗೆ ಸುಮಾರು 3.5ರಿಂದ 5 ಮಿಲಿ ಈಕ್ವಿವಲೆಂಟ್. ಒಳಗೆ ಹೆಚ್ಚು, ಹೊರಗೆ ಕಡಿಮೆ ಎಂಬ ಈ ಅಂತರದ ಬಲದಿಂದಲೇ ಹೃದಯದ ಸ್ನಾಯುಕೋಶವು ಒಂದು ಬಡಿತ ಮುಗಿಸಿ ಮುಂದಿನ ಬಡಿತಕ್ಕೆ ಸಿದ್ಧವಾಗುತ್ತದೆ. ಪೊಟ್ಯಾಸಿಯಂ ಕ್ಲೋರೈಡನ್ನು ಒಮ್ಮೆಲೇ ರಕ್ತನಾಳಕ್ಕೆ ತಳ್ಳಿದರೆ ಹೊರಗಿನ ಪ್ರಮಾಣ ಕ್ಷಣದಲ್ಲಿ ಏರಿ ಆ ಅಂತರ ಕುಸಿಯುತ್ತದೆ, ಕೋಶಗಳು ಮರಳಿ ಸಿದ್ಧವಾಗಲಾರದೆ ಹೃದಯ ಲಯ ತಪ್ಪಿ ನಿಲ್ಲುತ್ತದೆ. ಇದನ್ನು ನನಗೆ ಕಲಿಸಿದ್ದು ಮೊದಲ ವರ್ಷದ ಜೀವರಸಾಯನ ಮತ್ತು ಜೀವಭೌತ ವಿಜ್ಞಾನದ ಪಾಠ. ಕಲಾ ವಿಭಾಗದವರು ಅತಿ ಹೆಚ್ಚು ಹೆದರುವ ಪಾಠವೂ ಅದೇ.

ಇನ್ನೊಂದು ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಕಡೆ ಔಷಧಿ ಕುಡಿದ ಕೇಸುಗಳು ಎಷ್ಟು ಬರುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ಬೆಳೆಗೆ ಸಿಂಪಡಿಸಲು ತಂದ ಕೀಟನಾಶಕವೇ ಎಷ್ಟೋ ಮನೆಗಳಲ್ಲಿ ಜೀವಕ್ಕೆ ಎರವಾಗಿದೆ. ಇಂಥ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಡುತ್ತಾ ಪಾಪೆ ನೋಡುವುದು, ನಾಡಿ ಎಣಿಸುವುದು, ಎದೆಯಲ್ಲಿ ಗೊರಗೊರ ಶಬ್ದ ಕಡಿಮೆಯಾಯಿತೇ ಎಂದು ಕೇಳುವುದು, ಇವೆಲ್ಲ ನನಗೆ ಕೈಗೆ ಹತ್ತಿದ ಕೆಲಸ. ಓದಲು ಹೋಗುವ ಮುಂಚಿನ ವರ್ಷಗಳಲ್ಲಿ ಒಬ್ಬ ಹುಡುಗನನ್ನು ನೋಡಿಕೊಂಡಿದ್ದೆ. ಎರಡನೇ ದಿನ ಎದ್ದು ಕುಳಿತು ಮಾತಾಡಿದ. ತಾಯಿ ನನ್ನ ಕೈ ಹಿಡಿದು ಅತ್ತರು. ಮೂರನೇ ದಿನ ಬೆಳಿಗ್ಗೆ "ಅಕ್ಕಾ, ತಲೆ ಎತ್ತೋಕೆ ಆಗ್ತಿಲ್ಲ" ಎಂದ. ರಾತ್ರಿಯೆಲ್ಲ ಮಲಗಿಲ್ಲ, ಸುಸ್ತು ಇರಬೇಕೆಂದು ಭಾವಿಸಿ ದಿಂಬು ಸರಿಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಉಸಿರಾಟ ಸೋತಿತು. ವೈದ್ಯರು ಓಡಿ ಬಂದು ವೆಂಟಿಲೇಟರ್‌ಗೆ ಹಾಕಿದ್ದರಿಂದ ಅವನು ಉಳಿದ. ಆದರೆ ಬೆಳಿಗ್ಗೆಯೇ ತಿಳಿಸಬಹುದಾಗಿದ್ದ ಲಕ್ಷಣ ನನ್ನ ಕಣ್ಣೆದುರಿಗೇ ಇತ್ತು, ನಾನು ಅದನ್ನು ಗುರುತಿಸಲಿಲ್ಲ.

ವರ್ಷಗಳ ನಂತರ ಮೆಡಿಕಲ್ ಸರ್ಜಿಕಲ್ ತರಗತಿಯಲ್ಲಿ ಕುಳಿತಿದ್ದಾಗ ಅದಕ್ಕೊಂದು ಹೆಸರಿದೆ ಎಂದು ತಿಳಿಯಿತು: ಇಂಟರ್‌ಮೀಡಿಯೆಟ್ ಸಿಂಡ್ರೋಮ್. ಆರ್ಗನೋಫಾಸ್ಫರಸ್ ಎಂಬ ಬಗೆಯ ಕೀಟನಾಶಕದ ವಿಷವು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ನಿಷ್ಕ್ರಿಯಗೊಳಿಸುವುದರಿಂದ ನರಗಳ ತುದಿಯಲ್ಲಿ ಸಂದೇಶ ಒಯ್ಯುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಶೇಖರವಾಗುತ್ತದೆ. ಅಟ್ರೋಪಿನ್ ಸ್ರಾವಗಳನ್ನು ಒಣಗಿಸುತ್ತದೆ, ನಿಧಾನಗೊಂಡ ಹೃದಯಬಡಿತವನ್ನು ಸರಿಪಡಿಸುತ್ತದೆ, ಆದರೆ ಸ್ನಾಯುಗಳ ದೌರ್ಬಲ್ಯವನ್ನು ಅದು ನೀಗಿಸುವುದಿಲ್ಲ. ಆದ್ದರಿಂದಲೇ ಚೇತರಿಸಿಕೊಂಡಂತೆ ಕಂಡ ರೋಗಿಗೆ ಸುಮಾರು 24ರಿಂದ 96 ಗಂಟೆಗಳ ನಡುವೆ ಕುತ್ತಿಗೆಯ ಸ್ನಾಯುಗಳು ಮೊದಲು ಸೋತು, ಆಮೇಲೆ ಉಸಿರಾಟದ ಸ್ನಾಯುಗಳು ಸೋಲಬಹುದು. ದಿಂಬಿನಿಂದ ತಲೆ ಎತ್ತಲಾಗದಿರುವುದೇ ಮೊದಲ ಎಚ್ಚರಿಕೆ. ಆ ದಿನ ತರಗತಿಯಲ್ಲಿ ನನಗೆ ಕಣ್ಣೀರು ತಡೆಯಲಾಗಲಿಲ್ಲ. ಈಗ ಅಂಥ ಪ್ರತಿಯೊಬ್ಬ ರೋಗಿಯನ್ನೂ ಪ್ರತಿ ಪಾಳಿಯಲ್ಲಿ ತಲೆ ಎತ್ತಿಸಿ ನೋಡುತ್ತೇನೆ, ಹ್ಯಾಂಡ್‌ಓವರ್‌ನಲ್ಲಿ ಅದನ್ನು ಬಾಯಿಬಿಟ್ಟು ಹೇಳುತ್ತೇನೆ, ಕೇಸ್ ಶೀಟಿನಲ್ಲಿ ಬರೆಯುತ್ತೇನೆ.

ಇದನ್ನು ಕಲಿಯಲು ಪದವಿಯೇ ಬೇಕಿತ್ತೇ ಎಂದು ನೀವು ಕೇಳಬಹುದು. ಬೇಕಿರಲಿಲ್ಲ, ಪುಸ್ತಕದಲ್ಲಿಯೇ ಇತ್ತು. ಆದರೆ 14 ವರ್ಷ ಪಾಳಿಯ ಮೇಲೆ ಪಾಳಿ ಮಾಡುತ್ತಾ ನಾನು ಆ ಪುಸ್ತಕವನ್ನು ತೆರೆಯಲಿಲ್ಲ, ತೆರೆಯುವಂತೆ ನನ್ನನ್ನು ಯಾರೂ ಕೇಳಲಿಲ್ಲ. ಕಾಲೇಜಿನ ಬೆಂಚಿನ ಮೇಲೆ ಎರಡು ವರ್ಷ ಕುಳಿತದ್ದರಿಂದ ನನಗೆ ಸಿಕ್ಕಿದ್ದು ಆ ಬಿಡುವು ಮತ್ತು ಆ ಒತ್ತಾಯ. ಹಾಗಾಗಿ ತರಗತಿಗೆ ಹೋಗದೆ ಪಡೆಯುವ ಪದವಿಯಲ್ಲಿ ನಿಮಗೆ ಬೇಕಾದ ವಸ್ತುವೇ ಇರುವುದಿಲ್ಲ, ತಂಗಿ. ಏಜೆಂಟರಿಗೆ ಇಲ್ಲವೆಂದು ಹೇಳಿಬಿಡಿ.

ಇಂಗ್ಲಿಷ್ ಬಗ್ಗೆ ಒಂದು ಮಾತು. ಪಾಠ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲಿರುತ್ತವೆ. ನಾನು ಪ್ರತಿ ಅಧ್ಯಾಯವನ್ನೂ ಮೊದಲು ಕನ್ನಡದಲ್ಲಿ, ನನ್ನದೇ ಮಾತಿನಲ್ಲಿ, ಒಂದು ನೋಟುಪುಸ್ತಕಕ್ಕೆ ಬರೆದುಕೊಂಡು, ಅರ್ಥವಾಯಿತು ಎನಿಸಿದ ಮೇಲೆ ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡುತ್ತಿದ್ದೆ. ಮೊದಲ ಮೂರು ತಿಂಗಳು ಬಹಳ ಕಷ್ಟವಾಯಿತು. ಆಮೇಲೆ ವಾರ್ಡಿನ ಅನುಭವವೇ ಕೈಹಿಡಿಯಿತು. ಪುಸ್ತಕದ ಪ್ರತಿ ಲಕ್ಷಣಕ್ಕೂ ನನಗೆ ಒಂದು ಮುಖ ನೆನಪಾಗುತ್ತಿತ್ತು.

ಉತ್ತರ 2: ನಿವೃತ್ತ ನರ್ಸಿಂಗ್ ಬೋಧಕಿ, ಬಂಗಾರಪೇಟೆ

ಮೇಲಿನ ಸಹೋದರಿಯ ಬರಹವನ್ನು ಎರಡು ಬಾರಿ ಓದಿದೆ. ಓದಿನ ಫಲವನ್ನು ಅವರು ಹೇಳಿದ್ದಾರೆ. ನಿಯಮಗಳ ವಿಷಯವನ್ನು ನಾನು ಹೇಳುತ್ತೇನೆ.

ಅರ್ಹತೆಯ ಬಗ್ಗೆ ನೀವು ಆತಂಕಪಡಬೇಕಾಗಿಲ್ಲ, ಅಮ್ಮಾ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಪಿಯುಸಿ ಉತ್ತೀರ್ಣರಾಗಿ, ಮಾನ್ಯತೆ ಪಡೆದ ಶಾಲೆಯಲ್ಲಿ ಜಿ.ಎನ್.ಎಂ. ಮುಗಿಸಿ, ರಾಜ್ಯ ಕೌನ್ಸಿಲ್‌ನಲ್ಲಿ ಶುಶ್ರೂಷಕಿ ಹಾಗೂ ಸೂಲಗಿತ್ತಿಯಾಗಿ, ಅಂದರೆ ಆರ್.ಎನ್.ಆರ್.ಎಂ. ಎಂದು, ನೋಂದಾಯಿತರಾಗಿದ್ದು ಆರೋಗ್ಯವಂತರಾಗಿದ್ದರೆ ಸಾಕು. ಪಿಯುಸಿಯಲ್ಲಿ ವಿಜ್ಞಾನವೇ ಓದಿರಬೇಕೆಂದಿಲ್ಲ. ಎ.ಎನ್.ಎಂ., ಅಂದರೆ ಸಹಾಯಕ ಶುಶ್ರೂಷಕಿ ಮತ್ತು ಸೂಲಗಿತ್ತಿ, ತರಬೇತಿ ಮಾತ್ರ ಪಡೆದವರಿಗೆ ಈ ದಾರಿ ತೆರೆದಿಲ್ಲ. ಇದನ್ನು ಓದುತ್ತಿರುವ ಬೇರೆಯವರಿಗಾಗಿ ಹೇಳುತ್ತಿದ್ದೇನೆ.

ಪದವಿ ಎರಡು ವರ್ಷದ್ದು. ಮೊದಲ ವರ್ಷ ಶುಶ್ರೂಷೆಯ ಮೂಲತತ್ವಗಳು, ಆಹಾರ ವಿಜ್ಞಾನ, ಜೀವರಸಾಯನ, ಮನಶ್ಶಾಸ್ತ್ರ, ಸೂಕ್ಷ್ಮಜೀವಿ ಶಾಸ್ತ್ರ ಇವುಗಳ ಜೊತೆಗೆ ತಾಯಿ, ಮಗು ಹಾಗೂ ಮೆಡಿಕಲ್ ಸರ್ಜಿಕಲ್ ಶುಶ್ರೂಷೆ ಇರುತ್ತವೆ. ಎರಡನೇ ವರ್ಷ ಸಮಾಜಶಾಸ್ತ್ರ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ, ಮತ್ತು ನೀವು ಜಿ.ಎನ್.ಎಂ.ನಲ್ಲಿ ಇಷ್ಟು ಆಳವಾಗಿ ಓದಿರದ ಬೋಧನೆ, ಆಡಳಿತ, ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಬರುತ್ತವೆ. ಸಂಖ್ಯಾಶಾಸ್ತ್ರಕ್ಕೆ ಹೆದರುವವರೇ ಹೆಚ್ಚು. ನನ್ನ ಅನುಭವದಲ್ಲಿ ಇನ್‌ಟೇಕ್–ಔಟ್‌ಪುಟ್ ಚಾರ್ಟನ್ನು (ರೋಗಿಯ ದೇಹಕ್ಕೆ ಹೋದ, ಹೊರಬಂದ ದ್ರವದ ಲೆಕ್ಕವನ್ನು) ನಿಷ್ಠೆಯಿಂದ ಬರೆದ ಶುಶ್ರೂಷಕಿಗೆ ಅದು ಬೇಗನೆ ಒಲಿಯುತ್ತದೆ. ಸಮುದಾಯ ಆರೋಗ್ಯದ ಪೋಸ್ಟಿಂಗನ್ನು ಮಾತ್ರ ಯಾರೂ ಹಗುರವಾಗಿ ಕಾಣಬೇಡಿ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಜಿಲ್ಲೆ ನಮ್ಮದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಕಲೆಯನ್ನೂ ಹಿರಿಯರ ಬಗ್ಗದ ಬೆನ್ನನ್ನೂ ಮನೆಮನೆಗೆ ಹೋಗಿ ನೋಡಿದ ಮೇಲೆ ನನ್ನ ಅನೇಕ ವಿದ್ಯಾರ್ಥಿನಿಯರು ಆಸ್ಪತ್ರೆಯ ಗೋಡೆಯಾಚೆಗೂ ಶುಶ್ರೂಷೆ ಇದೆ ಎಂದು ಅರಿತರು. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ ಟೀ ಜೊತೆಗೆ ನುಂಗಿದರೆ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ ಎಂಬ ಒಂದು ಮಾತನ್ನು ಗರ್ಭಿಣಿಯರಿಗೆ ತಿಳಿಸಿ ಬಂದರೂ ಆ ದಿನ ಸಾರ್ಥಕ.

ಏಜೆಂಟರ ಮಾತಿನ ಬಗ್ಗೆ ಕಠಿಣವಾಗಿಯೇ ಹೇಳಬೇಕಾಗಿದೆ. ಈ ಪದವಿಗೆ ಪ್ರತಿ ವಿಷಯದಲ್ಲಿ ಕನಿಷ್ಠ ಶೇಕಡ 80ರಷ್ಟು ಹಾಜರಾತಿ ಬೇಕು; ಪದವಿ ಕೈಗೆ ಬರುವ ಮೊದಲು ಕ್ಲಿನಿಕಲ್ ಗಂಟೆಗಳನ್ನು ಶೇಕಡ 100ರಷ್ಟು ಮುಗಿಸಿರಬೇಕು; ಉತ್ತೀರ್ಣರಾಗಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲಿಯೂ ಪ್ರತ್ಯೇಕವಾಗಿ ಶೇಕಡ 50 ಅಂಕ ಬೇಕು. ಹೀಗಿರುವಾಗ ತರಗತಿಗೆ ಬರಬೇಕಾಗಿಲ್ಲ ಎನ್ನುವವರು ನಿಮ್ಮ ಹೆಸರಿನಲ್ಲಿ ಸುಳ್ಳು ಹಾಜರಾತಿಯನ್ನು ಬರೆಯುತ್ತೇವೆ ಎನ್ನುತ್ತಿದ್ದಾರೆ ಎಂದೇ ಅರ್ಥ. ಹಿಂದೆ ಸೇವೆಯಲ್ಲಿದ್ದವರಿಗಾಗಿ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಮೂರು ವರ್ಷದ ಒಂದು ಕೋರ್ಸನ್ನು ನಡೆಸುತ್ತಿತ್ತು, ಅದರ ನೆನಪಿನಿಂದ ಈಗಲೂ ದೂರಶಿಕ್ಷಣದಲ್ಲಿ ಮಾಡಬಹುದೆಂದು ಕೆಲವರು ತಿಳಿದಿದ್ದಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಗಳು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ನರ್ಸಿಂಗ್ ಪದವಿ ನೀಡುವಂತಿಲ್ಲವೆಂದು ನಿಷೇಧಿಸಿವೆ. ನಾಳೆ ಹೆಚ್ಚುವರಿ ಅರ್ಹತೆಯನ್ನು ಕೌನ್ಸಿಲ್‌ನಲ್ಲಿ ನೋಂದಾಯಿಸಲು ಹೋದಾಗ, ಪದವಿ ಓದಿದ ದಿನಗಳಲ್ಲಿಯೇ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಪೂರ್ಣಾವಧಿ ಸೇವೆ ಸಲ್ಲಿಸಿದ ಪ್ರಮಾಣಪತ್ರ ನಿಮ್ಮದೇ ಕೈಯಲ್ಲಿದ್ದರೆ, ಕೇಳುವವರಿಗೆ ನೀವು ಏನೆಂದು ಉತ್ತರಿಸುತ್ತೀರಿ? 13 ವರ್ಷ ಕಾಪಾಡಿಕೊಂಡು ಬಂದ ಹೆಸರನ್ನು ಇದಕ್ಕಾಗಿ ಪಣಕ್ಕಿಡಬೇಡಿ.

ಕಾಲೇಜು ಆರಿಸುವಾಗ ರಾಜ್ಯ ಕೌನ್ಸಿಲ್‌ನ ಮಾನ್ಯತೆ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಈ ವರ್ಷಕ್ಕೆ, ಈ ಕೋರ್ಸಿಗೆ ಇದೆಯೇ ಎಂದು ನೋಡಿ. ಬೇರೆ ಕೋರ್ಸಿಗೆ ಇರುವ ಮಾನ್ಯತೆಯನ್ನು ತೋರಿಸಿ ಇದಕ್ಕೂ ಇದೆ ಎನ್ನುವವರಿದ್ದಾರೆ. ಕಾಲೇಜು ಯಾವ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಕಲಿಸುತ್ತದೆ ಎಂದು ಕೇಳಿ, ಸಾಧ್ಯವಾದರೆ ಆ ವಾರ್ಡಿಗೆ ಹೋಗಿ ಅಲ್ಲಿನ ಸಿಸ್ಟರುಗಳನ್ನು ಮಾತಾಡಿಸಿ. ಸರ್ಕಾರಿ ಸೇವೆಯಲ್ಲಿರುವ ಶುಶ್ರೂಷಾಧಿಕಾರಿಗಳಿಗೆ ನಿಯೋಜನೆಯ ಮೇಲೆ ಓದುವ ಅವಕಾಶವಿದೆ. ನಿಮಗೆ ಅದು ಅನ್ವಯಿಸದಿದ್ದರೂ ಇಲ್ಲಿರುವ ಸರ್ಕಾರಿ ನೌಕರರು ಇಲಾಖೆಯ ಸುತ್ತೋಲೆಯನ್ನು ಗಮನಿಸುತ್ತಿರಲಿ.

ಉತ್ತರ 3: ಐಸಿಯು ಶುಶ್ರೂಷಕ, ಕೆ.ಜಿ.ಎಫ್.

ಅಕ್ಕಾ, ನಾನು ಬೇರೆ ದಾರಿ ಹಿಡಿದವನು, ಆದ್ದರಿಂದ ಅದನ್ನೂ ಒಮ್ಮೆ ಪರಿಶೀಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಜಿ.ಎನ್.ಎಂ. ನಂತರ ನಾನು ಮಾಡಿದ್ದು ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ, ಕ್ರಿಟಿಕಲ್ ಕೇರ್ ವಿಷಯದಲ್ಲಿ. ಹೆಸರಿನಲ್ಲಿ ಪೋಸ್ಟ್ ಬೇಸಿಕ್ ಎಂದಿರುವುದರಿಂದ ಅನೇಕರು ಇದನ್ನೂ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಯನ್ನೂ ಒಂದೇ ಎಂದುಕೊಳ್ಳುತ್ತಾರೆ. ಎರಡೂ ಬೇರೆ. ಡಿಪ್ಲೊಮಾ ಒಂದೇ ವಿಭಾಗದ ಆಳಕ್ಕೆ ಇಳಿಸುತ್ತದೆ, ಆದರೆ ಅದರಿಂದ ಎಂ.ಎಸ್ಸಿ. ಸೇರಲಾಗುವುದಿಲ್ಲ. ಮನೆಯಲ್ಲಿ ಸಾಲವಿತ್ತು, ಎರಡು ವರ್ಷ ಸಂಬಳವಿಲ್ಲದೆ ಇರುವ ಸ್ಥಿತಿಯಲ್ಲಿ ನಾನಿರಲಿಲ್ಲ. ರೋಗಿಯ ಪಕ್ಕದಲ್ಲಿಯೇ ಕೆಲಸ ಮಾಡಬೇಕೆಂಬುದು ನನ್ನ ಇಷ್ಟವಾಗಿತ್ತು, ಆದ್ದರಿಂದ ನನಗೆ ಇದು ಸಾಕಾಯಿತು.

ನೌಕರಿಯ ದೃಷ್ಟಿಯಿಂದ ಹೇಳುವುದಾದರೆ, ಏಮ್ಸ್‌ನ ಶುಶ್ರೂಷಾಧಿಕಾರಿ ನೇಮಕಾತಿಯ ನಾರ್ಸೆಟ್ ಪರೀಕ್ಷೆಗೆ ಪದವಿಯಿದ್ದವರು ನೇರವಾಗಿ ಅರ್ಹರು. ಜಿ.ಎನ್.ಎಂ. ಡಿಪ್ಲೊಮಾ ಮಾತ್ರ ಇರುವವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಆ ಅನುಭವ ನಿಮಗೆ ಈಗಾಗಲೇ ಇದೆ, ಆದರೆ ಅಲ್ಲಿ ಸಾಮಾನ್ಯ ವರ್ಗದ ವಯೋಮಿತಿ 30. ಆದ್ದರಿಂದ ಆ ಬಾಗಿಲಿಗಾಗಿ ನೀವು ಪದವಿ ಮಾಡುವುದರಲ್ಲಿ ಅರ್ಥವಿಲ್ಲ. ನಿಜವಾದ ವ್ಯತ್ಯಾಸ ಕಾಣುವುದು ನೀವು ಕಲಿಸಬೇಕೆಂದುಕೊಂಡರೆ. ಪದವಿ ಇಲ್ಲದೆ ನರ್ಸಿಂಗ್ ಕಾಲೇಜಿನಲ್ಲಿ ಟ್ಯೂಟರ್ ಆಗಲಾಗದು. ಎಂ.ಎಸ್ಸಿ.ಗೆ ಹೋಗಬೇಕೆಂದರೆ ಪದವಿಯಲ್ಲಿ ಒಟ್ಟು ಶೇಕಡ 55 ಅಂಕ ಮತ್ತು ಒಂದು ವರ್ಷದ ಸೇವೆ ಕೇಳುತ್ತಾರೆ. ಪೋಸ್ಟ್ ಬೇಸಿಕ್ ಮಾಡಿದವರಿಗೆ ಆ ಸೇವೆ ಪದವಿಗೆ ಮುಂಚಿನದಾಗಿದ್ದರೂ ನಡೆಯುತ್ತದೆ. ವಿದ್ಯಾರ್ಥಿನಿಯ ಒಂದು ಪ್ರಶ್ನೆಗೆ ಇಡೀ ರಾತ್ರಿ ನಿದ್ದೆಗೆಟ್ಟ ನಿಮಗೆ ಕಲಿಸುವ ಕೆಲಸವೇ ಒಪ್ಪುತ್ತದೆ ಎಂದು ನನಗೆ ಅನ್ನಿಸುತ್ತದೆ. ಹಾಗಿದ್ದರೆ ನನ್ನ ದಾರಿ ನಿಮಗೆ ಬೇಡ, ಪದವಿಯನ್ನೇ ಮಾಡಿ.

ಇನ್ನೊಂದು ಮಾತು. ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಸೇರುವಾಗಲೇ ಒರಿಜಿನಲ್ ಅಂಕಪಟ್ಟಿಗಳನ್ನು ಇಟ್ಟುಕೊಂಡಿದ್ದರು, ಬಿಡುವಾಗ ಅವನ್ನು ಹಿಂಪಡೆಯಲು ಮೂರು ತಿಂಗಳು ಅಲೆದೆ, ಅಷ್ಟರಲ್ಲಿ ಆ ವರ್ಷದ ಪ್ರವೇಶ ಮುಗಿದಿತ್ತು. ನಿಮ್ಮವು ಎಲ್ಲಿವೆ ಎಂದು ಇಂದೇ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು: ಕೋಲಾರದ ಶುಶ್ರೂಷಕಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಮುಳಬಾಗಿಲಿನ ಅಕ್ಕನವರ ಬರಹವನ್ನು ಪತಿಗೂ ಅತ್ತೆಗೂ ಓದಿ ಹೇಳಿದೆ. ಆ ಹುಡುಗನ ವಿಷಯ ಬಂದಾಗ ಅತ್ತೆ ಮಾತಾಡಲಿಲ್ಲ. ಅವರ ತಮ್ಮನನ್ನು ನಾವು ಕಳೆದುಕೊಂಡಿದ್ದು ಹಾಗೆಯೇ. ಸ್ವಲ್ಪ ಹೊತ್ತಿನ ನಂತರ "ಆ ಏಜೆಂಟನ ಮಾತು ಬಿಡಿ, ಓದೋದಾದರೆ ಹೋಗಿ ಕೂತು ಓದಲಿ" ಎಂದು ಪತಿಗೆ ಹೇಳಿದರು. ಪತಿ ಟೊಮೆಟೊ ಸುಗ್ಗಿಯಲ್ಲಿ ರಾತ್ರಿ ಲೆಕ್ಕವನ್ನೂ ಒಪ್ಪಿಕೊಂಡರೆ ಶುಲ್ಕದ ಅರ್ಧದಷ್ಟಾದರೂ ಹೊಂದುತ್ತದೆ. ಉಳಿದದ್ದಕ್ಕೆ ಸಂಘದಲ್ಲಿ ಕೇಳಬೇಕು.

ಕೆ.ಜಿ.ಎಫ್. ತಮ್ಮ ಹೇಳಿದ್ದು ಸರಿ, ನನಗೆ ಕಲಿಸುವ ಆಸೆಯಿದೆ. ಇಷ್ಟು ದಿನ ಅದನ್ನು ಯಾರೊಂದಿಗೂ ಹೇಳಿಕೊಂಡಿರಲಿಲ್ಲ. ನಿನ್ನೆ ಆ ವಿದ್ಯಾರ್ಥಿನಿಯನ್ನು ಕರೆದು, ಪೊಟ್ಯಾಸಿಯಂನ ಒಳಗೆ ಹೊರಗಿನ ಅಂತರವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಅವಳು ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡಳು.

ಒರಿಜಿನಲ್‌ಗಳು ನನ್ನ ಬಳಿಯೇ ಇವೆ. ಆದರೆ ಬೀರುವಿನಿಂದ ತೆಗೆದು ನೋಡಿದಾಗ ಒಂದು ತೊಡಕು ಕಂಡಿತು. ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳಲ್ಲಿ ನನ್ನ ಹೆಸರಿನ ಮುಂದೆ ತಂದೆಯ ಹೆಸರಿನ ಮೊದಲ ಅಕ್ಷರವಿದೆ, ಕೌನ್ಸಿಲ್‌ನ ನೋಂದಣಿ ಪತ್ರದಲ್ಲಿ ಆ ಅಕ್ಷರ ಬಿಟ್ಟುಹೋಗಿದೆ. ನವೀಕರಣದ ಅವಧಿಯೂ ಹತ್ತಿರದಲ್ಲಿದೆ. ಇದರಿಂದ ಪ್ರವೇಶಕ್ಕೆ ತೊಂದರೆಯಾಗುತ್ತದೆಯೇ, ಮೇಡಂ?

ಉತ್ತರ: ನಿವೃತ್ತ ನರ್ಸಿಂಗ್ ಬೋಧಕಿ, ಬಂಗಾರಪೇಟೆ

ದಾಖಲೆ ಪರಿಶೀಲನೆಯಲ್ಲಿ ಇದೇ ವಿಷಯಕ್ಕೆ ನಿಲ್ಲಿಸುತ್ತಾರೆ, ಅಮ್ಮಾ, ಆದ್ದರಿಂದ ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಆಧಾರವಾಗಿ ಹಿಡಿಯುತ್ತಾರೆ. ಮೊದಲು ಜಿ.ಎನ್.ಎಂ. ಅಂಕಪಟ್ಟಿಗಳಲ್ಲಿ ಹೆಸರು ಹೇಗಿದೆ ನೋಡಿ. ಅಲ್ಲಿಯೂ ಅಕ್ಷರ ಬಿಟ್ಟಿದ್ದರೆ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯಿಂದ ತಿದ್ದುಪಡಿ ಆಗಬೇಕು, ಆಮೇಲೆಯೇ ಕೌನ್ಸಿಲ್‌ಗೆ ಹೋಗಬೇಕು. ಜಿ.ಎನ್.ಎಂ. ದಾಖಲೆ ಸರಿಯಾಗಿದ್ದು ಕೌನ್ಸಿಲ್‌ನದರಲ್ಲಿ ಮಾತ್ರ ತಪ್ಪಿದ್ದರೆ, ನವೀಕರಣದ ಅರ್ಜಿಯ ಜೊತೆಗೇ ಹೆಸರಿನ ತಿದ್ದುಪಡಿಯನ್ನೂ ಕೇಳಿ. ನವೀಕರಣಕ್ಕೆ ಐದು ವರ್ಷದಲ್ಲಿ 150 ಗಂಟೆಗಳ ಮುಂದುವರಿದ ಶಿಕ್ಷಣವನ್ನು ಕೇಳುವ ಕ್ರಮವಿದೆ, ನೀವು ಹಾಜರಾದ ಕಾರ್ಯಾಗಾರಗಳ ಪ್ರಮಾಣಪತ್ರಗಳನ್ನೂ ಹುಡುಕಿ ಒಂದೆಡೆ ಇಡಿ. ಎಲ್ಲದರ ಎರಡೆರಡು ಜೆರಾಕ್ಸ್ ಪ್ರತಿ ತೆಗೆದುಕೊಂಡು, ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದರೆ ಬೆಂಗಳೂರಿನ ಕೆಲಸ ಮುಗಿಸಿ ಸಂಜೆಗೆ ಮನೆ ಸೇರಬಹುದು.